ಮನೆ ಬಾಗಿಲಿಗೆ ಬಂದ ಬಿಪಿ–ಶುಗರ್ ತಪಾಸಣೆ: ಮಲೆನಾಡಿನ ಹಳ್ಳಿಗೆ ಆರೋಗ್ಯದ ಅನುದಾನ ಹೇಗೆ ಬರುತ್ತದೆ?

ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಲ್ಲಿ ಈಗ ಬಿಪಿ, ಶುಗರ್ ನೋಡಿಸಿಕೊಳ್ಳಲು ಪೇಟೆಗೇ ಹೋಗಬೇಕೆಂದಿಲ್ಲ. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಪ್ರಯೋಗವಾಗಿ ಶುರುವಾಯಿತು. ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಆಶಾ ಕಾರ್ಯಕರ್ತೆಯರು, ಆರೋಗ್ಯ ಉಪಕೇಂದ್ರದ ಸಿಬ್ಬಂದಿ ಮನೆಗೇ ಬಂದು 30 ವರ್ಷ ದಾಟಿದವರನ್ನು ತಪಾಸಣೆ ಮಾಡುತ್ತಾರೆ. ತನಗೆ ಶುಗರ್ ಇದೆ ಅನ್ನುವುದು ಎಷ್ಟೋ ಜನಕ್ಕೆ ಮೊದಲ ಸಲ ಗೊತ್ತಾಗುವುದೇ ಹೀಗೆ.

ಗೊತ್ತಾದ ಕೂಡಲೇ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಇದಕ್ಕೆಲ್ಲ ದುಡ್ಡು ಯಾರದು? ಇವತ್ತು ನೋಡಿ ಹೋದವರು ಮುಂದಿನ ತಿಂಗಳು ಮಾತ್ರೆಯನ್ನೂ ಕೊಡ್ತಾರಾ? ಎರಡಕ್ಕೂ ಉತ್ತರ ‘ಅನುದಾನ’ ಅನ್ನುವ ಪದದ ಒಳಗಿದೆ. ಪತ್ರಿಕೆಯಲ್ಲಿ ದಿನಾ ಓದುವ ಪದ. ಆದರೆ ಅದು ಎಲ್ಲಿಂದ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ, ನಮ್ಮ ಉಪಕೇಂದ್ರದ ಹೊತ್ತಿಗೆ ಎಷ್ಟಾಗಿರುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದನ್ನು ಬುಡದಿಂದ ನೋಡೋಣ.

## ಮೊದಲು ಕಾಯಿಲೆಯ ಸ್ವಭಾವ

ದೀರ್ಘಕಾಲದ ಕಾಯಿಲೆ ಅಂದರೆ ಒಮ್ಮೆ ಬಂದರೆ ವರ್ಷಗಟ್ಟಲೆ, ಬಹಳ ಸಲ ಜೀವ ಇರುವವರೆಗೂ ಜೊತೆಗಿರುವ ಕಾಯಿಲೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕಿಡ್ನಿ ತೊಂದರೆ, ಬಿಡದೆ ಕಾಡುವ ಉಬ್ಬಸ, ಕ್ಯಾನ್ಸರ್ ಎಲ್ಲ ಈ ಗುಂಪಿನವು. ಇವುಗಳಲ್ಲಿ ಬಹುಪಾಲು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದಕ್ಕೇ ಸರ್ಕಾರಿ ಕಾಗದದಲ್ಲಿ ಇವುಗಳಿಗೆ ‘ಅಸಾಂಕ್ರಾಮಿಕ ರೋಗಗಳು’ ಎಂಬ ಹೆಸರು. ಆಸ್ಪತ್ರೆಯವರ ಬಾಯಲ್ಲಿ ಅದು ‘ಎನ್‌ಸಿಡಿ’.

ಎಷ್ಟು ಜನಕ್ಕಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೇಶಮಟ್ಟದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ರಕ್ತದೊತ್ತಡ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಇದು ಪೇಟೆಯ ಶ್ರೀಮಂತರ ಕಾಯಿಲೆ ಅನ್ನುವ ಮಾತಿಗೆ ಈಗ ಅರ್ಥ ಉಳಿದಿಲ್ಲ.

ಮಲೆನಾಡಿಗೆ ಇನ್ನೊಂದು ಹೊರೆಯೂ ಇದೆ. ಎಲೆ, ಅಡಿಕೆ, ಹೊಗೆಸೊಪ್ಪು ಇಲ್ಲಿ ಮನೆಮನೆಯ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಸೀಮೆಗೆ ಇದು ಕೇಳಲು ಕಷ್ಟದ ಮಾತು. ಆದರೂ ಮನೆಗೆ ಬಂದವರು ಟಾರ್ಚ್ ಹಾಕಿ ಬಾಯಿ ಯಾಕೆ ನೋಡುತ್ತಾರೆ ಅನ್ನುವುದಕ್ಕೆ ಕಾರಣ ಇದೇ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಅದನ್ನು ಮೊದಲು ಗುರುತಿಸಿದರು. ಒಂದು ಮಂಗ ಸತ್ತು ಬಿದ್ದರೂ ಊರೇ ಎಚ್ಚರವಾಗುತ್ತದೆ, ಅಧಿಕಾರಿಗಳು ಓಡಿ ಬರುತ್ತಾರೆ. ಬಿಪಿ ಹಾಗೆ ಸದ್ದು ಮಾಡುವುದಿಲ್ಲ. ಹತ್ತು ವರ್ಷ ಸುಮ್ನೆ ಇದ್ದು ಒಂದು ದಿನ ಲಕ್ವ ಹೊಡೆಸುತ್ತದೆ. ಸದ್ದಿಲ್ಲದ ಕಾಯಿಲೆಗೆ ಪ್ರತಿ ವರ್ಷ, ಪ್ರತಿ ತಿಂಗಳು ತಪ್ಪದೆ ದುಡ್ಡು ಒದಗಿಸುವುದು ಕಷ್ಟ. ಈ ಇಡೀ ವಿಷಯದ ಗಂಟು ಇಲ್ಲೇ ಇದೆ.

## ಅನುದಾನ ಬೇರೆ, ವಿಮೆ ಬೇರೆ

ಅನುದಾನ ಅಂದರೆ ಒಂದು ಗೊತ್ತಾದ ಕೆಲಸಕ್ಕೆಂದು ಕೊಡುವ ಹಣ. ವಾಪಸ್ ಕೊಡಬೇಕಿಲ್ಲ, ಬಡ್ಡಿಯೂ ಇಲ್ಲ. ಆದರೆ ಲೆಕ್ಕ ಕೊಡಲೇಬೇಕು. ಯಾವ ಕೆಲಸಕ್ಕೆ ಕೊಟ್ಟರೋ ಅದಕ್ಕೇ ಖರ್ಚಾಗಬೇಕು, ಹೇಳಿದ ಅವಧಿಯೊಳಗೆ ಆಗಬೇಕು.

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ‘ನಮ್ಮ ಹತ್ರ ಆಯುಷ್ಮಾನ್ ಕಾರ್ಡ್ ಇದೆಯಲ್ಲ, ಮಾತ್ರೆಗೆ ಯಾಕೆ ದುಡ್ಡು?’ ಎಂದು ಕೇಳುವವರಿದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್‌ನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗ ಒದಗುವ ಹಣ. ಹಾರ್ಟ್ ಆಪರೇಷನ್ ಆದರೆ ಕಾರ್ಡ್ ಕೆಲಸಕ್ಕೆ ಬರುತ್ತದೆ. ಆ ಆಪರೇಷನ್ ಬೇಡವಾಗುವಂತೆ ಹದಿನೈದು ವರ್ಷ ನುಂಗಬೇಕಾದ ದಿನಕ್ಕೊಂದು ಬಿಪಿ ಮಾತ್ರೆ ಆ ಕಾರ್ಡ್‌ನಿಂದ ಬರುವುದಿಲ್ಲ. ಅದು ಬರಬೇಕಾದ್ದು ಸರ್ಕಾರಿ ಆಸ್ಪತ್ರೆಯ ಔಷಧ ಕೌಂಟರ್‌ನಿಂದ. ಆ ಕೌಂಟರ್ ಹಿಂದೆ ಇರುವುದು ಬಜೆಟ್ ಹಣ ಮತ್ತು ಅನುದಾನ.

ಡಯಾಲಿಸಿಸ್ ಮಾತ್ರ ಸ್ವಲ್ಪ ಬೇರೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡ ರೋಗಿಗಳಿಗೆ ಉಚಿತ ಡಯಾಲಿಸಿಸ್ ವ್ಯವಸ್ಥೆ ಇದೆ. ಅದಕ್ಕೂ ಹಣ ಬರುವುದು ನಾವು ಈಗ ನೋಡಲಿರುವ ದಾರಿಯಿಂದಲೇ.

## ದೆಹಲಿಯಿಂದ ಉಪಕೇಂದ್ರದವರೆಗೆ

ದೊಡ್ಡ ಕೊಳವೆಯ ಹೆಸರು ರಾಷ್ಟ್ರೀಯ ಆರೋಗ್ಯ ಅಭಿಯಾನ, ಅಂದರೆ ಎನ್‌ಎಚ್‌ಎಂ. 2005ರ ಏಪ್ರಿಲ್‌ನಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವಾಗಿ ಹುಟ್ಟಿದ್ದು 2013ರಲ್ಲಿ ನಗರಗಳನ್ನೂ ಸೇರಿಸಿಕೊಂಡು ಈಗಿನ ಹೆಸರು ಪಡೆಯಿತು. ಆಶಾ ವ್ಯವಸ್ಥೆ ಬಂದದ್ದೂ ಇದರಿಂದಲೇ.

ಬಿಪಿ–ಶುಗರ್‌ಗೆಂದೇ ಬೇರೆ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2010ರಲ್ಲಿ. 21 ರಾಜ್ಯಗಳ 100 ಜಿಲ್ಲೆಗಳನ್ನು ಮೊದಲ ಹಂತಕ್ಕೆ ಆರಿಸಿದ್ದರು. ಅದರಲ್ಲಿ ಶಿವಮೊಗ್ಗವೂ ಇತ್ತು, ಪಕ್ಕದ ಚಿಕ್ಕಮಗಳೂರೂ ಇತ್ತು. ಅಂದರೆ ಈ ವಿಷಯದಲ್ಲಿ ನಮ್ಮದು ದೇಶದ ಹಳೆಯ ಜಿಲ್ಲೆಗಳಲ್ಲಿ ಒಂದು. ಕೆಲವು ವರ್ಷಗಳ ನಂತರ ಈ ಕಾರ್ಯಕ್ರಮವನ್ನು ಎನ್‌ಎಚ್‌ಎಂ ಒಳಗೇ ಸೇರಿಸಿದರು. 2023ರಿಂದ ಅದರ ಚುಟುಕು ಹೆಸರು ‘ಎನ್‌ಪಿ–ಎನ್‌ಸಿಡಿ’.

ಹಣದ ಪಾಲು ಹೀಗಿದೆ. ಕರ್ನಾಟಕದಂಥ ರಾಜ್ಯದಲ್ಲಿ 100 ರೂಪಾಯಿಗೆ 60 ಕೇಂದ್ರದ್ದು, 40 ರಾಜ್ಯದ್ದು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಕೇಂದ್ರವೇ 90 ಕೊಡುತ್ತದೆ. ಗುಡ್ಡಗಾಡಿನಲ್ಲಿ ಖರ್ಚು ಜಾಸ್ತಿ ಅನ್ನುವುದನ್ನು ಅಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಲೆಕ್ಕ ಹಿಡಿಯುವುದು ರಾಜ್ಯದ ಹೆಸರಿನಲ್ಲಿ. ಆಗುಂಬೆಯೂ ಗುಡ್ಡವೇ, ಆದರೆ ಅದು ಇರುವುದು ಕರ್ನಾಟಕದಲ್ಲಿ. ಹಾಗಾಗಿ ಇಲ್ಲಿಗೆ 60–40ರ ಲೆಕ್ಕವೇ.

ಯಾರಿಗೆ ಎಷ್ಟು ಅನ್ನುವುದು ತೀರ್ಮಾನ ಆಗುವ ಬಗೆ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಕೆಳಗಿನಿಂದ ಬೇಡಿಕೆ ಹೋಗುತ್ತದೆ, ಮೇಲಿನಿಂದ ಮಂಜೂರಾತಿ ಬರುತ್ತದೆ. ಆಸ್ಪತ್ರೆಗಳ ಬೇಡಿಕೆ ತಾಲ್ಲೂಕಿನಲ್ಲಿ ಸೇರಿ ಜಿಲ್ಲೆಯ ಯೋಜನೆಯಾಗುತ್ತದೆ. ಎಲ್ಲ ಜಿಲ್ಲೆಗಳದ್ದೂ ಸೇರಿ ರಾಜ್ಯದ ‘ಪಿಐಪಿ’ ಆಗುತ್ತದೆ. ಪಿಐಪಿ ಅಂದರೆ ಕಾರ್ಯಕ್ರಮ ನಡೆಸುವ ಯೋಜನೆ ಮತ್ತು ಅದರ ಅಂದಾಜು ಖರ್ಚು. ಅದು ದೆಹಲಿಗೆ ಹೋಗಿ, ಚರ್ಚೆಯಾಗಿ, ಕತ್ತರಿ ಆಡಿ, ಕೊನೆಗೆ ‘ಆರ್‌ಒಪಿ’ ಎಂಬ ದಾಖಲೆಯಾಗಿ ಹಿಂದಿರುಗುತ್ತದೆ. ಇಂಥ ಖರ್ಚಿಗೆ ಇಂತಿಷ್ಟು ಹಣ ಒಪ್ಪಿದ್ದೇವೆ ಅನ್ನುವ ಪಟ್ಟಿ ಅದು. 2022–24 ಮತ್ತು 2024–26ಕ್ಕೆ ಎರಡೆರಡು ವರ್ಷಕ್ಕೆ ಒಂದೇ ಸಲ ಯೋಜನೆ ಮಾಡಿದ್ದರು.

ಈ ಪಟ್ಟಿಯಲ್ಲಿ ಹೆಸರಿಲ್ಲದ ಖರ್ಚಿಗೆ ಹಣ ಹುಟ್ಟುವುದಿಲ್ಲ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಶುಗರ್ ಪಟ್ಟಿಗಳು, ಅಂದರೆ ಗ್ಲುಕೋಮೀಟರ್ ಸ್ಟ್ರಿಪ್, ಈ ವರ್ಷ ಎರಡು ಪಟ್ಟು ಬೇಕು ಅಂತಿಟ್ಟುಕೊಳ್ಳಿ. ಅದನ್ನು ಹಿಂದಿನ ವರ್ಷವೇ ಯಾರಾದರೂ ಬರೆದು ಕಳಿಸಿರಬೇಕು. ಡಾಕ್ಟರು ಎಷ್ಟೇ ಒಳ್ಳೆಯವರಿದ್ದರೂ ಮಧ್ಯದಲ್ಲಿ ಹೊಸ ಖರ್ಚು ಸೇರಿಸುವುದು ಅವರ ಕೈಯಲ್ಲಿಲ್ಲ.

ಹಣ ಬರುವುದು ಕಂತಿನಲ್ಲಿ. ಕೇಂದ್ರದ ಪಾಲು ಮೊದಲು ರಾಜ್ಯದ ಖಜಾನೆಗೆ ಬರುತ್ತದೆ. ಅಲ್ಲಿಂದ ರಾಜ್ಯದ ಪಾಲೂ ಸೇರಿ ಯೋಜನೆಯ ಖಾತೆಗೆ ಹೋಗಬೇಕು. 2021ರಿಂದ ಒಂದು ಯೋಜನೆಗೆ ರಾಜ್ಯದಲ್ಲಿ ಒಂದೇ ಮುಖ್ಯ ಖಾತೆ ಅನ್ನುವ ನಿಯಮ ಬಂತು. ಕೆಳಗಿನ ಕಚೇರಿಗಳಿಗೆ ಇರುವುದು ಖರ್ಚಿನ ಮಿತಿ ಮಾತ್ರ. ಇದರಿಂದ ಹಣ ಎಲ್ಲೋ ಖಾತೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂರುವುದು ತಪ್ಪುತ್ತದೆ.

ಮೊದಲ ಕಂತು ಸರಿಯಾಗಿ ಖರ್ಚಾಗಿದೆ ಎಂದು ತೋರಿಸುವ ಕಾಗದಕ್ಕೆ ಹಣ ಬಳಕೆ ಪ್ರಮಾಣಪತ್ರ ಎಂದು ಹೆಸರು. ಕಚೇರಿಗಳಲ್ಲಿ ಎಲ್ಲರೂ ‘ಯುಸಿ’ ಅನ್ನುತ್ತಾರೆ. ಯುಸಿ ಹೋಗದಿದ್ದರೆ ಮುಂದಿನ ಕಂತು ತಡವಾಗುತ್ತದೆ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಂಜೂರಾತಿ ಬಂದು ಕಂತು ಕೆಳಗಿಳಿಯುವಷ್ಟರಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದಿರುವುದುಂಟು. ಹಳ್ಳಿ ಸುತ್ತುವ ಕೆಲಸಕ್ಕೆ ನಿಜವಾಗಿ ಒದಗುವುದು ಅಕ್ಟೋಬರ್ ನಂತರದ ತಿಂಗಳುಗಳು. ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲು ಶುರು. ಕೆಲಸಕ್ಕೆ ಹೋದವರು ಮನೆಯಲ್ಲಿ ಸಿಗುವುದಿಲ್ಲ.

## ತಲೆ ಎಣಿಸುವ ಲೆಕ್ಕ, ದಾರಿ ಎಣಿಸದ ಲೆಕ್ಕ

ಆರೋಗ್ಯ ಕೇಂದ್ರ ಎಲ್ಲಿರಬೇಕು ಅನ್ನುವುದಕ್ಕೆ ರಾಷ್ಟ್ರೀಯ ಮಾನದಂಡ ಇದೆ. ಬಯಲಿನಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ ಇದು 3,000 ಮತ್ತು 20,000ಕ್ಕೆ ಇಳಿಯುತ್ತದೆ.

ರಿಯಾಯಿತಿ ಇದೆಯಲ್ಲ, ಇನ್ನೇನು ತೊಂದರೆ ಅನಿಸಬಹುದು. ತೊಂದರೆ ಇರುವುದು ಮನೆಗಳ ಹರಡುವಿಕೆಯಲ್ಲಿ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡಿರುತ್ತವೆ. ಒಂದು ಬೀದಿ ಮುಗಿಸಿದರೆ ಐವತ್ತು ಮನೆ ಆಯಿತು. ಹೊಸನಗರ ತಾಲ್ಲೂಕಿನ ನಗರ ಎಂಬ ಊರು, ನಿಟ್ಟೂರು, ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಹಳ್ಳ, ಒಂದು ಸಣ್ಣ ಗುಡ್ಡ. ಹಳ್ಳಕ್ಕೆ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಇದ್ದರೆ ಆಚೆ ಹೋಗಬಹುದು. ಮಳೆಗಾಲದಲ್ಲಿ ಸಂಕ ಕೊಚ್ಚಿ ಹೋದರೆ ಸುತ್ತಿ ಬರಬೇಕು. ಅನುದಾನದ ಸೂತ್ರ ಎಣಿಸುವುದು ಜನರನ್ನು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನಡೆಯಬೇಕಾದ ದೂರಕ್ಕೆ ಅದರಲ್ಲಿ ಜಾಗ ಕಡಿಮೆ.

ಸಾಗರ ತಾಲ್ಲೂಕಿನ ತುಮರಿ ಸೀಮೆಯನ್ನು ನೋಡಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿ ಹಿನ್ನೀರು ಅಲ್ಲಿಯ ಹಳ್ಳಿಗಳನ್ನು ತಾಲ್ಲೂಕು ಕೇಂದ್ರದಿಂದ ಬೇರೆ ಮಾಡಿತು. ಆರು ದಶಕ ಅಲ್ಲಿನವರಿಗೆ ಸಾಗರಕ್ಕೆ ಹತ್ತಿರದ ದಾರಿ ಅಂದರೆ ಲಾಂಚ್. ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಸೇತುವೆ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ರಾತ್ರಿ ಎದೆನೋವು ಬಂದವರಿಗೆ ಅದಕ್ಕಿಂತ ದೊಡ್ಡ ಆರೋಗ್ಯ ಯೋಜನೆ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

‘ಹಿಂದುಳಿದ’ ಅನ್ನುವ ಪಟ್ಟಿಯ ಸಮಸ್ಯೆಯೂ ಇದೆ. ವಿಶೇಷ ಗಮನಕ್ಕೆ ಪ್ರದೇಶ ಆರಿಸುವಾಗ ಬಹಳ ಸಲ ಇಡೀ ಜಿಲ್ಲೆಯ ಸರಾಸರಿ ನೋಡುತ್ತಾರೆ. 2018ರಲ್ಲಿ ಕೇಂದ್ರ ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಅವುಗಳಿಗೆ ಸಿಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿವಮೊಗ್ಗ ಜಿಲ್ಲೆಯ ಸರಾಸರಿ ಅಂದರೆ ಅದರಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಮೆಗ್ಗಾನ್ ಇರುವ ಶಿವಮೊಗ್ಗ ನಗರವೂ ಬಂತು, ಭದ್ರಾವತಿಯೂ ಬಂತು. ಪೇಟೆಯ ಅಂಕಿ ಮೇಲಿದ್ದಾಗ ಕಾಡಂಚಿನ ಕೇರಿಯ ಅಂಕಿ ಅದರೊಳಗೆ ಮುಚ್ಚಿಹೋಗುತ್ತದೆ.

## ಒಂದು ಫಾರ್ಮ್, ಹತ್ತು ರೂಪಾಯಿ

ಹಣದ ಈ ದೊಡ್ಡ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಆಶಾ ಕಾರ್ಯಕರ್ತೆಯ ಚೀಲದಲ್ಲಿ. ಅದರಲ್ಲಿ ಒಂದು ಟೇಪು, ಒಂದು ಪೆನ್ನು, ಒಂದು ಕಟ್ಟು ಫಾರ್ಮ್ ಇರುತ್ತದೆ. ಫಾರ್ಮ್‌ನ ಹೆಸರು ಸಿ–ಬ್ಯಾಕ್. ಆರು ಪ್ರಶ್ನೆಗೆ ಅಂಕ ಹಾಕುವ ಭಾಗ ಮೊದಲು ಬರುತ್ತದೆ: ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಮೈಗೆ ಕೆಲಸ ಇದೆಯೇ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯೇ.

ಒಬ್ಬ ಕೂಲಿ ಮಹಿಳೆ, ವಯಸ್ಸು 52 ಅಂತಿಟ್ಟುಕೊಳ್ಳಿ. ವಯಸ್ಸಿಗೆ 3 ಅಂಕ. ದಿನಾ ಎಲೆಗೆ ಹೊಗೆಸೊಪ್ಪು ಹಾಕಿಕೊಳ್ಳುತ್ತಾರೆ, ಅದಕ್ಕೆ 2. ತಾಯಿಗೆ ಶುಗರ್ ಇತ್ತು, ಅದಕ್ಕೆ 2. ಕುಡಿತ ಇಲ್ಲ, ದಿನವಿಡೀ ಕೆಲಸ ಇದ್ದೇ ಇದೆ, ಸೊಂಟವೂ 80 ಸೆಂಟಿಮೀಟರ್ ಒಳಗಿದೆ, ಅವಕ್ಕೆ ಸೊನ್ನೆ. ಒಟ್ಟು 7. ಅಂಕ 4 ದಾಟಿದರೆ ಅವರನ್ನು ಮೊದಲ ಸರದಿಯಲ್ಲಿ ತಪಾಸಣೆಗೆ ಕಳಿಸಬೇಕು. ತೆಳ್ಳಗಿದ್ದಾರೆ, ದುಡಿಯುತ್ತಾರೆ, ಇವರಿಗೆಂಥ ಶುಗರ್ ಅಂತ ನಾವು ಅಂದುಕೊಳ್ಳುವ ಹೆಂಗಸು ಈ ಕಾಗದದ ಪ್ರಕಾರ ಎಚ್ಚರ ಬೇಕಾದವರು. ಅಂಕ ಕಡಿಮೆ ಬಂದರೂ 30 ದಾಟಿದ ಎಲ್ಲರಿಗೂ ತಪಾಸಣೆ ಇದ್ದೇ ಇದೆ. ಅಂಕ ಇರುವುದು ಯಾರು ಮೊದಲು ಅನ್ನುವುದಕ್ಕೆ.

ಮಾರ್ಗಸೂಚಿಯ ಪ್ರಕಾರ ಇಂಥ ಒಂದು ಫಾರ್ಮ್ ತುಂಬಿದ್ದಕ್ಕೆ ಆಶಾಗೆ ಸಿಗುವ ಪ್ರೋತ್ಸಾಹಧನ 10 ರೂಪಾಯಿ. ಕಾಯಿಲೆ ಇದೆ ಎಂದು ಗೊತ್ತಾದ ಒಬ್ಬರನ್ನು ಆರು ತಿಂಗಳು ಬೆನ್ನು ಹತ್ತಿ, ಮಾತ್ರೆ ತಗೊಂಡ್ರಾ, ಆಸ್ಪತ್ರೆಗೆ ಹೋದ್ರಾ ಎಂದು ನೋಡಿಕೊಂಡಿದ್ದಕ್ಕೆ 50 ರೂಪಾಯಿ. ತಿಂಗಳಿಗೆ ಎಂಟು ರೂಪಾಯಿ ಚಿಲ್ಲರೆ. ಬಯಲಿನ ಬೀದಿಯಲ್ಲೂ ಇದೇ ದರ, ಹಳ್ಳ ದಾಟಿ ಹೋಗುವ ಒಂಟಿಮನೆಗೂ ಇದೇ ದರ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಕಾಯಿಲೆ ಹುಡುಕುವುದು ಒಂದು ದಿನದ ಕೆಲಸ. ಎಷ್ಟು ಜನರನ್ನು ನೋಡಿದೆವು ಅಂತ ಎಣಿಸಿ ವರದಿ ಮಾಡಬಹುದು. ಹಿಡಿತದಲ್ಲಿ ಇಡುವುದು ವರ್ಷಗಳ ಕೆಲಸ, ಎಣಿಸಲು ಕಷ್ಟ. ಅಡಿಕೆ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸಸಿ ನೆಡುವುದಕ್ಕೆ ಸಬ್ಸಿಡಿ ಸಿಗಬಹುದು. ಆದರೆ ತೋಟ ಉಳಿಯುವುದು ಪ್ರತಿ ಮಳೆಗಾಲದಲ್ಲೂ ಹೊತ್ತಿಗೆ ಸರಿಯಾಗಿ ಬೋರ್ಡೋ ಔಷಧ ಹೊಡೆದರೆ. ಒಂದು ವರ್ಷ ತಪ್ಪಿದರೆ ಕೊಳೆ ರೋಗ ಬಂದು ಗೊನೆಯ ಅಡಿಕೆಯೆಲ್ಲ ಉದುರುತ್ತದೆ. ಬಿಪಿ ಮಾತ್ರೆಯೂ ಹಾಗೇ, ತಪ್ಪಿಸುವಂತಿಲ್ಲ. ಅನುದಾನಗಳ ಒಲವು ಮಾತ್ರ ಯಂತ್ರ, ಶಿಬಿರ, ಕಟ್ಟಡದ ಕಡೆಗೇ ಜಾಸ್ತಿ. ಒಮ್ಮೆ ಕೊಂಡರೆ ಮುಗಿಯಿತು, ಫೋಟೋ ಸಿಗುತ್ತದೆ, ಯುಸಿ ಬರೆಯುವುದೂ ಸುಲಭ.

## ಮಾತ್ರೆಯ ದಾರಿ ಬೇರೆ

ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್, ಬಿಪಿಗೆ ಕೊಡುವ ಅಮ್ಲೋಡಿಪಿನ್‌ನಂಥ ಸಾಮಾನ್ಯ ಮಾತ್ರೆಗಳು ದುಬಾರಿಯೇನಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇವನ್ನು ರಾಜ್ಯಕ್ಕೆಲ್ಲ ಒಟ್ಟಾಗಿ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರ್ ಕರೆದು ಕೊಂಡ ಔಷಧ ಉಗ್ರಾಣಕ್ಕೆ ಬರುತ್ತದೆ. ಅಲ್ಲಿಂದ ಆಸ್ಪತ್ರೆಗಳಿಗೆ. ಯಾವ ಆಸ್ಪತ್ರೆಗೆ ಎಷ್ಟು ಅನ್ನುವುದು ಆ ಆಸ್ಪತ್ರೆ ಕಳಿಸುವ ಬೇಡಿಕೆ ಪಟ್ಟಿಯ ಮೇಲೆ ನಿಂತಿದೆ. ‘ಇಂಡೆಂಟ್’ ಅನ್ನುವುದು ಇದಕ್ಕೇ.

ಈಗ ಒಂದು ಸಿಕ್ಕು ನೋಡಿ. ಮನೆಮನೆ ತಪಾಸಣೆ ಚೆನ್ನಾಗಿ ನಡೆದಷ್ಟೂ ಹೊಸ ರೋಗಿಗಳು ಸಿಗುತ್ತಾರೆ. ಹೋದ ವರ್ಷ 200 ಜನಕ್ಕೆ ಲೆಕ್ಕ ಹಾಕಿ ಇಂಡೆಂಟ್ ಕೊಟ್ಟಿದ್ದ ಆಸ್ಪತ್ರೆಗೆ ಈ ವರ್ಷ 350 ಜನ ಬಂದರೆ ಮಾತ್ರೆ ಬೇಗ ಖಾಲಿ. ಯಾರೂ ತಪ್ಪು ಮಾಡದೆಯೂ ಕೊರತೆ ಹುಟ್ಟುತ್ತದೆ. ಆಗ ಒಂದು ತಿಂಗಳ ಬದಲು ಹತ್ತು ದಿನದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹತ್ತು ದಿನಕ್ಕೊಮ್ಮೆ ಅರ್ಧ ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬರುವವರು ಎಷ್ಟು ಜನ? ಮೈಗೆ ಏನೂ ತೊಂದರೆ ಕಾಣದ ಕಾಯಿಲೆಗೆ? ಬಹಳ ಜನ ಮಾತ್ರೆ ಬಿಡುವುದು ಅಸಡ್ಡೆಯಿಂದ ಅನ್ನುವವರು ಈ ಲೆಕ್ಕ ಹಾಕಿ ನೋಡಬೇಕು.

ಉಪಕೇಂದ್ರವೇ ಇದಕ್ಕೆ ಪರಿಹಾರ ಆಗಬೇಕೆಂಬ ಯೋಚನೆಯಿಂದಲೇ 2018ರಲ್ಲಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು ಬಂದವು. ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಡಾಕ್ಟರು ಒಮ್ಮೆ ಬರೆದುಕೊಟ್ಟ ಬಿಪಿ, ಶುಗರ್ ಮಾತ್ರೆಯನ್ನು ತಿಂಗಳು ತಿಂಗಳು ಅವರೇ ಕೊಡಬಹುದು.

## ಊರಿನ ಕೈಯಲ್ಲೇ ಇರುವ ಹಣ

ಎಲ್ಲ ಹಣವೂ ದೆಹಲಿ, ಬೆಂಗಳೂರಿನ ಪಟ್ಟಿಗೆ ಕಟ್ಟಿಹಾಕಿದ್ದಲ್ಲ. ಸ್ಥಳೀಯವಾಗಿ ತೀರ್ಮಾನಿಸಿ ಖರ್ಚು ಮಾಡಬಹುದಾದ ಸಣ್ಣ ಮೊತ್ತಗಳಿವೆ. ಅದಕ್ಕೆ ಮುಕ್ತ ನಿಧಿ ಅನ್ನುತ್ತಾರೆ.

ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಊರಿನವರು ಅದರಲ್ಲಿರುತ್ತಾರೆ. ಎನ್‌ಎಚ್‌ಎಂ ಮಾನದಂಡದಂತೆ ಈ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಸಿಗುತ್ತದೆ. ಆಯುಷ್ಮಾನ್ ಆರೋಗ್ಯ ಮಂದಿರವಾದ ಉಪಕೇಂದ್ರಕ್ಕೆ 50,000ದವರೆಗೆ. ಅಲ್ಲಿ ಜನ ಆರೋಗ್ಯ ಸಮಿತಿ ಇರುತ್ತದೆ, ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅದಕ್ಕೂ ಅಧ್ಯಕ್ಷರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಲ್ಲ ಸೇರಿ 1.75 ಲಕ್ಷದವರೆಗೆ.

ದೊಡ್ಡ ಮೊತ್ತವಲ್ಲ, ನಿಜ. ಆದರೆ ಕೆಟ್ಟ ಬಿಪಿ ಯಂತ್ರ ರಿಪೇರಿಗೆ, ಮುಗಿದ ಶುಗರ್ ಪಟ್ಟಿಗೆ, ತಡೆಯಲಾಗದ ಒಂದು ತುರ್ತಿಗೆ ಇದು ಸಾಕು. ಈ ಹಣ ಗೋಡೆಗೆ ಬಣ್ಣ ಹೊಡೆಯಲು ಹೋಗುತ್ತದೋ, ಯಂತ್ರಕ್ಕೆ ಹೋಗುತ್ತದೋ ಅನ್ನುವುದು ಸಭೆಯಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಬಿಪಿ, ಶುಗರ್ ಇರುವವರೇ ಒಬ್ಬರು ಕೂತಿದ್ದರೆ ಚರ್ಚೆಯ ದಿಕ್ಕೇ ಬೇರೆ.

ಇದರ ಜೊತೆಗೆ 15ನೇ ಹಣಕಾಸು ಆಯೋಗದ ಆರೋಗ್ಯ ಅನುದಾನವೂ ಇತ್ತು. 2021–22ರಿಂದ 2025–26ರವರೆಗೆ ದೇಶಕ್ಕೆ ಒಟ್ಟು 70,051 ಕೋಟಿ ರೂಪಾಯಿ. ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ಎತ್ತಿಟ್ಟ ಹಣ ಅದು. ಉಪಕೇಂದ್ರಗಳಿಗೆ ಕಟ್ಟಡ, ಪರೀಕ್ಷೆಯ ಸಲಕರಣೆಗಳಂಥವು ಅದರಲ್ಲಿ ಬಂದವು. ಆರೋಗ್ಯ ಅನ್ನುವುದು ಇಲಾಖೆಯ ಕೆಲಸ, ಪಂಚಾಯಿತಿಗೆ ಏನು ಸಂಬಂಧ ಅಂತ ಕೇಳುತ್ತಿದ್ದ ಕಾಲ ಹೋಯಿತು. ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ‘ಆರೋಗ್ಯವಂತ ಗ್ರಾಮ’ವೂ ಒಂದು.

## ಕಂಪನಿಗಳ ಹಣ

2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅಂದರೆ ಇದೇ. ಆರೋಗ್ಯವೂ ಆ ಪಟ್ಟಿಯಲ್ಲಿದೆ. ಆದರೆ ಕಂಪನಿ ತಾನಿರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ದೊಡ್ಡ ಕಾರ್ಖಾನೆಗಳಿಲ್ಲದ ಹೊಸನಗರ, ಸೊರಬದಂಥ ತಾಲ್ಲೂಕಿಗೆ ಅಲ್ಲೇ ಒಂದು ಹಿನ್ನಡೆ.

ಈ ಹಣ ತರಬೇಕೆನ್ನುವ ಟ್ರಸ್ಟ್ ಅಥವಾ ಸಂಘಕ್ಕೆ ಕಾಗದಪತ್ರ ಸರಿಯಿರಬೇಕು. ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್–1 ನೋಂದಣಿ, ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿದ ದಾಖಲೆ. ವಿದೇಶದ ದೇಣಿಗೆಯಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ಅನುಮತಿಯೂ ಬೇಕು. ಇನ್ನೊಂದು ಮಿತಿ, ಸಿಎಸ್‌ಆರ್‌ನಲ್ಲಿ ‘ಮುಂದುವರಿಯುವ ಯೋಜನೆ’ ಅಂದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು. ಶುಗರ್ ಮೂರು ವರ್ಷಕ್ಕೆ ಮುಗಿಯುವುದಿಲ್ಲ. ಅದಕ್ಕೇ ಇಂಥ ಹಣವನ್ನು ಬೇರೆ ಕ್ಲಿನಿಕ್ ತೆರೆಯಲು ಹಾಕುವುದಕ್ಕಿಂತ, ಇರುವ ಉಪಕೇಂದ್ರಕ್ಕೆ ಸಲಕರಣೆ, ಸಿಬ್ಬಂದಿಗೆ ತರಬೇತಿ, ಹಳ್ಳಿಗೆ ಹೋಗುವ ವಾಹನ ಅಂತ ಜೋಡಿಸಿದರೆ ದುಡ್ಡು ನಿಂತ ಮೇಲೂ ಏನಾದರೂ ಉಳಿಯುತ್ತದೆ.

## ಗ್ರಾಮಸಭೆಯಲ್ಲಿ ಏನು ಕೇಳಬಹುದು?

‘ನಮ್ಮೂರಿಗೆ ಅನುದಾನ ಕೊಡಿ’ ಅಂದರೆ ಉತ್ತರವೂ ಅಷ್ಟೇ ಅಸ್ಪಷ್ಟವಾಗಿರುತ್ತದೆ. ಪ್ರಶ್ನೆ ಚಿಕ್ಕದಾಗಿ, ನಿಖರವಾಗಿ ಇರಲಿ. ನಮ್ಮ ಉಪಕೇಂದ್ರದ ವ್ಯಾಪ್ತಿಯಲ್ಲಿ ಬಿಪಿ, ಶುಗರ್ ಇದೆ ಎಂದು ಗೊತ್ತಾದವರು ಎಷ್ಟು? ಅವರಲ್ಲಿ ಹೋದ ತಿಂಗಳು ಮಾತ್ರೆ ತಗೊಂಡವರು ಎಷ್ಟು? ಎಷ್ಟು ಜನರ ಬಿಪಿ 140/90ರ ಕೆಳಗಿದೆ? ಈ ವರ್ಷದ ಮುಕ್ತ ನಿಧಿ ಬಂತಾ, ಯಾವುದಕ್ಕೆ ಖರ್ಚಾಯಿತು? ಕೊನೆಯ ಸಲ ಸಮಿತಿ ಸೇರಿದ್ದು ಯಾವಾಗ? ತಪಾಸಣೆಯ ಸಂಖ್ಯೆ ಎಲ್ಲರೂ ಹೇಳುತ್ತಾರೆ. ಎರಡನೆಯ, ಮೂರನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಹಣ ಕೆಲಸ ಮಾಡಿದೆಯೇ ಇಲ್ಲವೇ ಗೊತ್ತಾಗುತ್ತದೆ.

ಮಲೆನಾಡಿನವರು ಇನ್ನೊಂದು ಬೇಡಿಕೆಯನ್ನು ಧೈರ್ಯವಾಗಿ ಇಡಬಹುದು. ಅದು ಮಳೆಗಾಲದ ಮಾತ್ರೆ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ ಬಿಪಿ, ಶುಗರ್ ಇರುವವರಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಒಟ್ಟಿಗೆ, ಆಶಾ ಅಥವಾ ಉಪಕೇಂದ್ರದ ಮೂಲಕ ಕೊಡಬಹುದು ಎಂದು ಕೇಂದ್ರದ ಆರೋಗ್ಯ ಸಚಿವಾಲಯವೇ ಸೂಚನೆ ಕೊಟ್ಟಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಹಳ್ಳ ತುಂಬಿ ಹರಿಯುವ ಕೇರಿಗಳಿಗೂ ಅದೇ ಕ್ರಮ ಬೇಕು. ಕಾಯಿಲೆ ಹಿಡಿತದಲ್ಲಿ ಇರುವವರಿಗೆ ಡಾಕ್ಟರು ಒಪ್ಪಿದರೆ ಮೇ ತಿಂಗಳಲ್ಲೇ ಮೂರು ತಿಂಗಳ ಮಾತ್ರೆ ಕೈಗೆ ಕೊಡಬಹುದು. ಅದಕ್ಕೆ ಹೊಸ ಯೋಜನೆ ಬೇಡ, ಹೊಸ ಅನುದಾನವೂ ಬೇಡ. ವರ್ಷಕ್ಕೆ ಬೇಕಾದ ಮಾತ್ರೆ ಅಷ್ಟೇ ಇರುತ್ತದೆ, ಬೇಕಾಗುವ ತಿಂಗಳು ಮಾತ್ರ ಬದಲು. ಆದರೆ ಆ ಸಂಖ್ಯೆ ಆಸ್ಪತ್ರೆಯ ಇಂಡೆಂಟ್‌ನಲ್ಲಿ ಮೊದಲೇ ಸೇರಿರಬೇಕು. ಹಾಗಾಗಿ ಈ ಮಾತನ್ನು ಮಳೆ ಬಂದ ಮೇಲೆ ಎತ್ತಿದರೆ ತಡವಾಯಿತು. ಚಳಿಗಾಲದ ಗ್ರಾಮಸಭೆಯಲ್ಲೇ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕೊಡಿ.